ಅರ್ಧ ರೊಟ್ಟಿ ಬಿಟ್ಟರೆ ಆಯುಷ್ಯ ಎಷ್ಟು ಹೆಚ್ಚುತ್ತದೆ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಮಿತಾಹಾರ, ಆಂಟಿಆಕ್ಸಿಡೆಂಟ್ (ಜೀವಕೋಶಕ್ಕೆ ಹಾನಿ ಮಾಡುವ ಕಣಗಳನ್ನು ನಂದಿಸುವ ವಸ್ತು), ದೀರ್ಘಾಯುಷ್ಯ: ಈ ಮೂರರ ಬಗ್ಗೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಆಯ್ದವು ಇಲ್ಲಿವೆ. ಉತ್ತರಿಸಿದವರು ಒಬ್ಬ ವೈದ್ಯರು ಮತ್ತು ಒಬ್ಬ ಆಹಾರತಜ್ಞೆ.

ಪ್ರಶ್ನೆ: "ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ" ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಈಗ ವಿಜ್ಞಾನಿಗಳೂ ಇಲಿಗಳ ಊಟ ಕಡಿಮೆ ಮಾಡಿ ಆಯುಷ್ಯ ಹೆಚ್ಚಿಸಿದ್ದಾರಂತೆ. ನನಗೆ 61 ವರ್ಷ, ತೂಕ 58 ಕಿಲೋ, ಎತ್ತರ 168 ಸೆಂ.ಮೀ. ಒಂದೇ ಹೊತ್ತು ಉಣ್ಣಲು ಶುರು ಮಾಡಲೇ?
– ನಿವೃತ್ತ ಬ್ಯಾಂಕ್ ನೌಕರ, ಧಾರವಾಡ

ಉತ್ತರ: ಬೇಡ. ನಿಮ್ಮ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 20.5. ಅಂದರೆ ಕಳೆಯಬೇಕಾದ ಕೊಬ್ಬೇ ನಿಮ್ಮಲ್ಲಿಲ್ಲ. ಇನ್ನು ಇಲಿಗಳ ವಿಷಯ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕ್ಲೈವ್ ಮೆಕೇ ಎಂಬವರು 1935ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಈ ಮಾತು ಶುರುವಾಯಿತು. ಹಾಲು ಬಿಟ್ಟ ಮರಿಗಳಿಗೇ ಆಹಾರ ಕಡಿತ ಮಾಡಿದ್ದರು. ಅವು ಹೆಚ್ಚು ಕಾಲ ಬದುಕಿದ್ದು ನಿಜ, ಆದರೆ ಮೈ ಬೆಳೆಯದೆ ಕುಳ್ಳಾಗಿಯೇ ಉಳಿದವು. ಇನ್ನೊಂದು ಮುಖ್ಯ ಸಂಗತಿ: ಆ ಇಲಿಗಳಿಗೆ ಕಡಿಮೆಯಾದದ್ದು ಕ್ಯಾಲರಿ ಮಾತ್ರ. ಜೀವಸತ್ವ, ಖನಿಜ ಯಾವುದಕ್ಕೂ ಕೊರತೆ ಬಾರದಂತೆ ನೋಡಿಕೊಂಡಿದ್ದರು. ಮಿತವಾಗಿ ಉಣ್ಣುವುದು ಬೇರೆ, ಕೊರತೆಯಲ್ಲಿ ಉಣ್ಣುವುದು ಬೇರೆ. ನಮ್ಮಲ್ಲಿ ಮೊದಲನೆಯದರ ಹೆಸರಿನಲ್ಲಿ ಎರಡನೆಯದೇ ನಡೆಯುವುದು ಹೆಚ್ಚು.

ಆಮೇಲಿನ ಪ್ರಯೋಗಗಳು ಅಷ್ಟು ನೇರವಾಗಿಲ್ಲ. 2010ರಲ್ಲಿ ವರದಿಯಾದ ಒಂದು ಪ್ರಯೋಗದಲ್ಲಿ 41 ತಳಿಯ ಇಲಿಗಳಿಗೆ ಆಹಾರವನ್ನು ಶೇ 40ರಷ್ಟು ಕಡಿತ ಮಾಡಿದರು. ಆಯುಷ್ಯ ಹೆಚ್ಚಿದ ತಳಿಗಳಿಗಿಂತ ಕುಗ್ಗಿದ ತಳಿಗಳೇ ಜಾಸ್ತಿ. ರೀಸಸ್ ಕೋತಿಗಳ ಮೇಲೆ ಅಮೆರಿಕದಲ್ಲಿ ಎರಡು ಕಡೆ, 1987 ಮತ್ತು 1989ರಲ್ಲಿ, ಪ್ರಯೋಗ ಶುರುವಾಯಿತು. ಎರಡೂ ಕಡೆ ಸುಮಾರು ಶೇ 30ರ ಕಡಿತ. ವಿಸ್ಕಾನ್ಸಿನ್‌ನಲ್ಲಿ ಕಡಿಮೆ ತಿಂದ ಕೋತಿಗಳು ಹೆಚ್ಚು ಬಾಳಿದವು ಎಂದು 2009ರಲ್ಲಿ ವರದಿ ಬಂತು. ಅಲ್ಲಿನ ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆಯ ಕೋತಿಗಳಲ್ಲಿ ಆಯುಷ್ಯದ ಲಾಭ ಕಾಣಲಿಲ್ಲ ಎಂದು 2012ರಲ್ಲಿ ಇನ್ನೊಂದು ವರದಿ ಬಂತು. ತಟ್ಟೆಗಳನ್ನು ಹೋಲಿಸಿ ನೋಡಿದರೆ ಕಾರಣ ತಿಳಿಯುತ್ತದೆ. ವಿಸ್ಕಾನ್ಸಿನ್ ಕೋತಿಗಳ ಆಹಾರದಲ್ಲಿ ಸಕ್ಕರೆಯೇ ಕಾಲುಭಾಗದ ಮೇಲಿತ್ತು, ಮತ್ತು ಹೋಲಿಕೆಗೆ ಇಟ್ಟ ಕೋತಿಗಳು ಬೇಕಾದಷ್ಟು ತಿನ್ನಬಹುದಿತ್ತು. ಇನ್ನೊಂದು ಕಡೆ ಸಕ್ಕರೆ ಶೇ 4ರಷ್ಟು ಮಾತ್ರ, ಹೋಲಿಕೆಯ ಕೋತಿಗಳಿಗೂ ಅಳತೆಯ ಊಟ. ಸಕ್ಕರೆ ತಿಂದು ದಪ್ಪಗಾದವರ ಪಕ್ಕ ನಿಂತರೆ ಮಿತಾಹಾರಿ ಗೆದ್ದಂತೆ ಕಾಣುತ್ತಾನೆ, ಹದವಾಗಿ ಉಣ್ಣುವವರ ಪಕ್ಕ ನಿಂತರೆ ಆ ಗೆಲುವು ಸಣ್ಣದಾಗುತ್ತದೆ.

ಮನುಷ್ಯರಲ್ಲಿ ಆಯುಷ್ಯ ಅಳೆಯುವಷ್ಟು ದೀರ್ಘವಾದ ಪ್ರಯೋಗ ಯಾವುದೂ ಇಲ್ಲ. ಇದ್ದುದರಲ್ಲಿ ಗಟ್ಟಿಯಾದದ್ದು ಅಮೆರಿಕದ 'ಕ್ಯಾಲರೀ' ಪ್ರಯೋಗ. ಬೊಜ್ಜಿಲ್ಲದ, 21ರಿಂದ 50 ವರ್ಷದೊಳಗಿನ ಸುಮಾರು 220 ಜನ, ಎರಡು ವರ್ಷ. ಶೇ 25ರಷ್ಟು ಕಡಿತದ ಗುರಿ ಇತ್ತು, ಸಾಧ್ಯವಾದದ್ದು ಶೇ 12. ಆಹಾರತಜ್ಞರು ಬೆನ್ನಿಗೆ ನಿಂತರೂ ಅಷ್ಟೇ. ಆದರೂ ತೂಕ ಶೇ 10ರಷ್ಟು ಇಳಿಯಿತು, ರಕ್ತದೊತ್ತಡ ಮತ್ತು ಕೆಟ್ಟ ಕೊಲೆಸ್ಟ್ರಾಲ್ ಇಳಿದವು. ಜೊತೆಗೆ ಸೊಂಟ ಮತ್ತು ಬೆನ್ನೆಲುಬಿನ ಮೂಳೆಯ ಸಾಂದ್ರತೆಯೂ ಇಳಿಯಿತು. ವಯಸ್ಸಾಗುವ ವೇಗವನ್ನು ರಕ್ತದಲ್ಲಿ ಅಂದಾಜು ಮಾಡುವ ಒಂದು ಪರೀಕ್ಷೆಯಲ್ಲಿ ಶೇ 2ರಿಂದ 3ರಷ್ಟು ನಿಧಾನವಾದಂತೆ ಕಂಡಿತು ಎಂದು 2023ರಲ್ಲಿ ವರದಿಯಾಯಿತು. ಅದು ಅಂದಾಜು, ಬದುಕಿದ ವರ್ಷಗಳ ಲೆಕ್ಕವಲ್ಲ. 61ರ ವಯಸ್ಸಿನಲ್ಲಿ ನೀವು ಆ ಪ್ರಯೋಗದ ಮಿತಿಯ ಹೊರಗಿದ್ದೀರಿ, ಮೂಳೆ ಮತ್ತು ಸ್ನಾಯು ಕಳೆದುಕೊಳ್ಳುವ ವಯಸ್ಸಿನ ಒಳಗಿದ್ದೀರಿ. ಬಿಎಂಐ 23ಕ್ಕಿಂತ ಕಡಿಮೆ ಇದ್ದು, ಹೊಟ್ಟೆಯ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ದಾಟದಿದ್ದರೆ ಕ್ಯಾಲರಿ ಕಡಿತದ ಗೋಜು ಬೇಡ ಎಂಬುದು ನಮ್ಮ ನಿಲುವು.

ಪ್ರಶ್ನೆ: ನನ್ನ ವಯಸ್ಸು 44, ಎತ್ತರ 165 ಸೆಂ.ಮೀ., ತೂಕ 78 ಕಿಲೋ. ದಿನವಿಡೀ ಕಂಪ್ಯೂಟರ್ ಮುಂದೆ ಕೆಲಸ. ಆರೋಗ್ಯಕ್ಕಾಗಿ ಊಟ ಸ್ವಲ್ಪ ಇಳಿಸಬೇಕೆಂದಿದ್ದೇನೆ. ಇಂಟರ್ನೆಟ್‌ನಲ್ಲಿ ಸಿಗುವ ಪಟ್ಟಿಯಲ್ಲೆಲ್ಲ ಓಟ್ಸ್, ಬ್ರೊಕೊಲಿ, ಅವಕಾಡೊ. ರೊಟ್ಟಿ, ಪಲ್ಯ, ಚಟ್ನಿ ಉಣ್ಣುವವರು ಲೆಕ್ಕ ಹಾಕುವುದು ಹೇಗೆ?
– ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ನಿಮಗೆ ಕಡಿತ ಸರಿಹೊಂದುತ್ತದೆ. ಬಿಎಂಐ 28.6 ಇದೆ, ಭಾರತೀಯರಿಗೆ 25 ದಾಟಿದರೆ ಬೊಜ್ಜು. ನಿಮ್ಮ ತೂಕ, ಎತ್ತರ, ಕೆಲಸ ನೋಡಿದರೆ ದಿನದ ಖರ್ಚು ಸುಮಾರು 2,200 ಕ್ಯಾಲರಿ. ಅದರಲ್ಲಿ 300 ಕಡಿಮೆ ಮಾಡಿದರೆ ಸಾಕು.

ಮೊದಲು ರೊಟ್ಟಿ. ರೊಟ್ಟಿಯನ್ನು ತೂಗಬೇಡಿ, ಹಿಟ್ಟನ್ನು ತೂಗಿ. ಬಿಸಿ ರೊಟ್ಟಿಯಲ್ಲಿ ನೀರಿದೆ, ಕಡಕ್ ರೊಟ್ಟಿಯಲ್ಲಿ ಇಲ್ಲ. ತೂಕ ನೋಡಿ ಲೆಕ್ಕ ಹಾಕಿದರೆ ಎರಡೂ ತಪ್ಪುತ್ತದೆ. ಒಂದು ಕಿಲೋ ಹಿಟ್ಟಿಗೆ ಎಷ್ಟು ರೊಟ್ಟಿ ಬಿದ್ದವು ಎಂದು ಒಂದು ದಿನ ಎಣಿಸಿ. ಇಪ್ಪತ್ತು ಬಿದ್ದರೆ ಒಂದಕ್ಕೆ 50 ಗ್ರಾಂ. ನೂರು ಗ್ರಾಂ ಜೋಳದಲ್ಲಿ ಸುಮಾರು 335 ಕ್ಯಾಲರಿ, 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು. ಹಾಗಾದರೆ ಒಂದು ರೊಟ್ಟಿ ಎಂದರೆ 165 ಕ್ಯಾಲರಿಯ ಆಸುಪಾಸು. ಕಡಕ್ ರೊಟ್ಟಿ ತೆಳ್ಳಗಿದೆ, ಹಗುರ ಎಂದು ಮಾತಾಡುತ್ತ ಮಾತಾಡುತ್ತ ನಾಲ್ಕು ಮುರಿಯುವವರು ಬಹಳ ಜನ. ಹಿಟ್ಟಿನ ಲೆಕ್ಕ ಗೊತ್ತಿದ್ದರೆ ಆ ಮೋಸ ಇಲ್ಲ.

ಆದರೆ ಕತ್ತರಿ ಹಾಕಬೇಕಾದದ್ದು ರೊಟ್ಟಿಗಲ್ಲ. ಹೆಚ್ಚಿನ ಮನೆಗಳಲ್ಲಿ ಮೊದಲು ಹಿಡಿಯಬೇಕಾದದ್ದು ಎಣ್ಣೆಯ ಡಬ್ಬಿ. ನಾಲ್ವರ ಮನೆಗೆ ತಿಂಗಳಿಗೆ 5 ಲೀಟರ್ ಎಣ್ಣೆ ಬಂದರೆ ಒಬ್ಬರಿಗೆ ದಿನಕ್ಕೆ ಸುಮಾರು 42 ಮಿ.ಲೀ., ಅಂದರೆ 340 ಕ್ಯಾಲರಿ, ಎರಡು ರೊಟ್ಟಿಗೆ ಸಮ. ಅದನ್ನು 3 ಲೀಟರಿಗೆ ಇಳಿಸಿದರೆ ತಲೆಗೆ 25 ಮಿ.ಲೀ. ಆಯಿತು, 135 ಕ್ಯಾಲರಿ ಉಳಿಯಿತು. ತಟ್ಟೆಯಲ್ಲಿ ಒಂದು ತುತ್ತೂ ಕಡಿಮೆಯಾಗಲಿಲ್ಲ. ಮಾಡುವ ವಿಧಾನ: ತಿಂಗಳ ಮೊದಲ ದಿನ 3 ಲೀಟರ್ ಬೇರೆ ಡಬ್ಬಿಗೆ ಸುರಿದಿಡಿ, ಕೈಅಳತೆ ಬಿಟ್ಟು ಚಮಚದಿಂದ ಹಾಕಿ. ಎಣ್ಣೆಗಾಯಿ ಬದನೆಕಾಯಿಗೆ ಎಣ್ಣೆ ತೇಲಬೇಕೆಂಬ ಹಟ ಇದ್ದರೆ ವಾರಕ್ಕೊಮ್ಮೆ ತೇಲಿಸಿ, ಉಳಿದ ದಿನ ಬದನೆಕಾಯಿಯನ್ನು ಅರ್ಧ ಹಬೆಯಲ್ಲಿ ಬೇಯಿಸಿ ಆಮೇಲೆ ಮಸಾಲೆಗೆ ಹಾಕಿ. ಹಸಿ ಬದನೆಕಾಯಿ ಸ್ಪಂಜಿನಂತೆ ಎಣ್ಣೆ ಕುಡಿಯುತ್ತದೆ, ಬೆಂದದ್ದು ಅಷ್ಟು ಕುಡಿಯುವುದಿಲ್ಲ.

ಎರಡನೆಯದು ಚಹಾ. ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಎರಡು ಚಮಚ ಸಕ್ಕರೆ ಎಂದರೆ 160 ಕ್ಯಾಲರಿ. ಎರಡು ಸಲ, ಒಂದೊಂದು ಚಮಚಕ್ಕೆ ಬಂದರೆ 120 ಉಳಿಯುತ್ತದೆ. ಉಳಿದ 45ಕ್ಕೆ ಸಂಜೆಯ ಮಿರ್ಚಿ ಭಜಿ ವಾರಕ್ಕೆ ಒಂದು ಸಲವಾದರೆ ಆಯಿತು. ಗಿರ್ಮಿಟ್‌ನ ಮಂಡಕ್ಕಿಗೆ ತೂಕವೇ ಇಲ್ಲ, ಅದರ ಒಗ್ಗರಣೆಯ ಎಣ್ಣೆಗೆ ಇದೆ. ಮನೆಯಲ್ಲಿ ಕಲಸಿಕೊಂಡರೆ ಚಿಂತೆಯಿಲ್ಲ.

ಈಗ ಬಹಳ ಜನ ಎಡವುವ ಜಾಗ. ಕಡಿಮೆ ಮಾಡಿ ಎಂದರೆ ಬೇಳೆ, ಕಾಳು, ಮೊಸರು ಬಿಟ್ಟು ಎರಡು ರೊಟ್ಟಿ ಮತ್ತು ಸಾರಿಗೆ ಇಳಿಯುತ್ತಾರೆ. ಕ್ಯಾಲರಿ ಇಳಿಯಿತು, ಪ್ರೋಟೀನ್ ಅದಕ್ಕಿಂತ ಹೆಚ್ಚು ಇಳಿಯಿತು. ಆಗ ಕರಗುವುದು ಹೊಟ್ಟೆ ಮಾತ್ರವಲ್ಲ, ತೊಡೆಯ ಸ್ನಾಯುವೂ ಹೋಗುತ್ತದೆ. ಊಟ ಇಳಿಸುವಾಗ ಪ್ರೋಟೀನ್ ದಿನಕ್ಕೆ 65ರಿಂದ 75 ಗ್ರಾಂ ಇರಲಿ. ಎರಡೂ ಊಟದಲ್ಲಿ ಒಣ ಅಳತೆಯಲ್ಲಿ ತಲಾ 40 ಗ್ರಾಂ ಹೆಸರು ಅಥವಾ ಮಡಕಿಕಾಳು, ಎರಡು ಬಟ್ಟಲು ಮೊಸರು, ನಾಲ್ಕು ರೊಟ್ಟಿ, 25 ಗ್ರಾಂ ಶೇಂಗಾ ಸೇರಿದರೆ 55ರ ಹತ್ತಿರ ಬರುತ್ತದೆ. ತಿನ್ನುವವರು ಎರಡು ಮೊಟ್ಟೆ ಸೇರಿಸಲಿ, ಉಳಿದವರು ಒಂದು ಲೋಟ ಹಾಲು ಮತ್ತು ಒಂದು ಹಿಡಿ ಹುರಿಗಡಲೆ. ಶೇಂಗಾ ಚಟ್ನಿಯನ್ನು ಬಿಡಬೇಡಿ, ಅಳೆಯಿರಿ: ಒಂದು ದೊಡ್ಡ ಚಮಚಕ್ಕೆ 60-65 ಕ್ಯಾಲರಿ. ಹಕ್ಕರಕಿ, ಮೆಂತ್ಯ, ಸೌತೆಕಾಯಿ, ಮೂಲಂಗಿ ಎಷ್ಟಾದರೂ ಆಗಬಹುದು.

ತೂಕವನ್ನು ಬೆಳಿಗ್ಗೆ ಶೌಚ ಮುಗಿಸಿ, ಚಹಾಕ್ಕೆ ಮೊದಲು, ಒಂದೇ ಯಂತ್ರದ ಮೇಲೆ ನೋಡಿ. ಹಿಂದಿನ ದಿನ ಉಪ್ಪಿನಕಾಯಿ, ಹಪ್ಪಳ ಹೆಚ್ಚಾಗಿದ್ದರೆ ನೀರು ನಿಂತು ಒಂದು ಕಿಲೋ ಏರಿದಂತೆ ಕಾಣುತ್ತದೆ, ಗಾಬರಿ ಬೇಡ. ವಾರದ ಸರಾಸರಿ ಬರೆದಿಡಿ. 300 ಕ್ಯಾಲರಿಯ ಕಡಿತಕ್ಕೆ ವಾರಕ್ಕೆ 250ರಿಂದ 300 ಗ್ರಾಂ ಇಳಿಯಬೇಕು. ವಾರಕ್ಕೆ ಒಂದೂವರೆ ಕಿಲೋ ಇಳಿಸುವ ಆತುರದಲ್ಲಿ ಪಿತ್ತಕೋಶದ ಕಲ್ಲು ತಂದುಕೊಂಡವರಿದ್ದಾರೆ. ಆರು ತಿಂಗಳ ಹೊತ್ತಿಗೆ ಇಳಿಕೆ ನಿಧಾನವಾಗುತ್ತದೆ, ಏಕೆಂದರೆ ಹಗುರಾದ ದೇಹಕ್ಕೆ ಖರ್ಚೂ ಕಡಿಮೆ. ಅದು ಸೋಲಲ್ಲ. ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮ ಇರಲಿ, ಮೂಳೆ ಮತ್ತು ಸ್ನಾಯು ಹಿಡಿದಿಡಲು ಬೇರೆ ದಾರಿ ಇಲ್ಲ. ಇನ್ನೊಂದು ಮಾತು: ಆರು ದಿನ ಉಳಿಸಿದ 1,800 ಕ್ಯಾಲರಿಯನ್ನು ಒಂದು ಮದುವೆ ಊಟ ಸುಲಭವಾಗಿ ನುಂಗುತ್ತದೆ. ಸೀಸನ್‌ನಲ್ಲಿ ವಾರಕ್ಕೆ ಮೂರು ಮದುವೆಗೆ ಹೋಗುವವರು ಆ ತಿಂಗಳು ತೂಕ ಏರದಿದ್ದರೆ ಸಾಕು ಎಂದುಕೊಳ್ಳುವುದು ಜಾಣತನ.

ಪ್ರಶ್ನೆ: ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಣ್ಣವೇ ಆಂಟಿಆಕ್ಸಿಡೆಂಟ್ ಅಂತಾರೆ. ಹಾಗಾದರೆ ಹೆಚ್ಚು ತಿಂದಷ್ಟೂ ಒಳ್ಳೆಯದಲ್ಲವೇ?
– ವ್ಯಾಪಾರಿ, ಬ್ಯಾಡಗಿ

ಉತ್ತರ: ಬಣ್ಣದ ಮಾತು ನಿಜ. ಆ ಕೆಂಪಿನ ಮುಖ್ಯ ವಸ್ತು ಕ್ಯಾಪ್ಸಾಂಥಿನ್, ಕ್ಯಾರಟಿನಾಯ್ಡ್ ಎಂಬ ಬಣ್ಣದ ವಸ್ತುಗಳ ಗುಂಪಿಗೆ ಸೇರಿದ್ದು, ಪರೀಕ್ಷಾ ನಳಿಕೆಯಲ್ಲಿ ಚೆನ್ನಾಗಿಯೇ ಆಂಟಿಆಕ್ಸಿಡೆಂಟ್ ಆಗಿ ಕೆಲಸ ಮಾಡುತ್ತದೆ. ಖಾರ ಕಡಿಮೆ, ಬಣ್ಣ ಜಾಸ್ತಿ ಎಂಬ ಗುಣಕ್ಕೇ ನಿಮ್ಮ ಊರಿನ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು. ಆದರೆ ನಳಿಕೆಯ ಅಂಕ ದೇಹಕ್ಕೆ ಹೊಂದುವುದಿಲ್ಲ. ಆಹಾರಗಳ ಆಂಟಿಆಕ್ಸಿಡೆಂಟ್ ಶಕ್ತಿಯನ್ನು ಅಂಕದಲ್ಲಿ ಕೊಡುತ್ತಿದ್ದ ಪಟ್ಟಿಯೊಂದನ್ನು ಅಮೆರಿಕದ ಕೃಷಿ ಇಲಾಖೆಯೇ ಇಟ್ಟಿತ್ತು. ಆ ಅಂಕಕ್ಕೂ ಆರೋಗ್ಯಕ್ಕೂ ನೇರ ಸಂಬಂಧವಿಲ್ಲ, ಕಂಪನಿಗಳು ಜಾಹೀರಾತಿಗೆ ದುರ್ಬಳಕೆ ಮಾಡುತ್ತಿವೆ ಎಂದು 2012ರಲ್ಲಿ ಅದನ್ನು ತೆಗೆದುಹಾಕಿತು.

ಖಾರ ತಿನ್ನುವವರ ಬಗ್ಗೆ ಚೀನಾದಲ್ಲಿ ಸುಮಾರು 4.9 ಲಕ್ಷ ಜನರನ್ನು ಹಿಂಬಾಲಿಸಿದ ಅಧ್ಯಯನ 2015ರಲ್ಲಿ ಬಂತು. ವಾರಕ್ಕೆ ಆರೇಳು ದಿನ ಖಾರ ತಿನ್ನುವವರಲ್ಲಿ, ಅಪರೂಪಕ್ಕೆ ತಿನ್ನುವವರಿಗಿಂತ ಸಾವಿನ ಪ್ರಮಾಣ ಶೇ 14ರಷ್ಟು ಕಡಿಮೆ. ಖಾರವೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ನಮ್ಮ ಕಡೆ ತೊಂದರೆ ಬೇರೆ: ಖಾರದ ಜೊತೆ ಉಪ್ಪು ಬರುತ್ತದೆ. ರಂಜಕ ಮತ್ತು ಉಪ್ಪಿನಕಾಯಿ ಸೇರಿ ದಿನದ 5 ಗ್ರಾಂ ಉಪ್ಪಿನ ಮಿತಿಯನ್ನು ಊಟ ಮುಗಿಯುವ ಮೊದಲೇ ದಾಟಿಸುತ್ತವೆ.

ಬಣ್ಣ ಉಳಿಸಿಕೊಳ್ಳುವುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು, ಆದರೂ ಮನೆಯ ಓದುಗರಿಗಾಗಿ: ಬೆಳಕು, ಬಿಸಿ, ಗಾಳಿ ಈ ಮೂರೂ ಆ ಕೆಂಪನ್ನು ತಿನ್ನುತ್ತವೆ. ಗಾಜಿನ ಭರಣಿಯಲ್ಲಿ ಕಿಟಕಿ ಪಕ್ಕ ಇಟ್ಟ ಪುಡಿ ಕೆಲವೇ ತಿಂಗಳಲ್ಲಿ ಇಟ್ಟಂಗಿ ಬಣ್ಣಕ್ಕೆ ತಿರುಗಿದರೆ ಅರ್ಥ ಅದೇ. ವರ್ಷದ ಖಾರ ಒಮ್ಮೆಗೇ ಕುಟ್ಟಿಸುವ ಬದಲು ಕಾಯಿಯಾಗಿಯೇ ಒಣಗಿಸಿ ಇಟ್ಟು ಮೂರು ತಿಂಗಳಿಗೊಮ್ಮೆ ಪುಡಿ ಮಾಡಿಸಿ, ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿಡಿ. ಮುರಿದಾಗ ಟಕ್ ಎನ್ನದೆ ಬಾಗಿದರೆ ಕಾಯಿಯಲ್ಲಿ ತೇವ ಇದೆ. ಒಳಗೆ ಬೂದು ಅಥವಾ ಕಪ್ಪು ಬೂಸ್ಟು ಕಂಡ ಕಾಯಿಯನ್ನು ಒರೆಸಿ ಬಳಸಬೇಡಿ, ಎಸೆಯಿರಿ. ಆ ಬೂಸ್ಟಿನ ಅಫ್ಲಾಟಾಕ್ಸಿನ್ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವ ವಿಷ, ಕುದಿಸಿದರೂ ಹೋಗುವುದಿಲ್ಲ. ಯಾವ ಆಂಟಿಆಕ್ಸಿಡೆಂಟೂ ಅದಕ್ಕೆ ಪರಿಹಾರವಲ್ಲ.

ಪ್ರಶ್ನೆ: ನನ್ನ ಪತಿಗೆ 50 ವರ್ಷ, ದಿನಕ್ಕೆ ಹದಿನೈದು ಸಿಗರೇಟು. ಮಗ ಬೆಂಗಳೂರಿನಿಂದ 'ಆಂಟಿಆಕ್ಸಿಡೆಂಟ್ ಫಾರ್ಮುಲಾ' ಬಾಟಲಿ ಕಳಿಸಿದ್ದಾನೆ. ಬೀಟಾ ಕ್ಯಾರೋಟಿನ್, ವಿಟಮಿನ್ ಇ, ಸಿ, ಸೆಲೆನಿಯಂ ಇವೆ. ಶ್ವಾಸಕೋಶಕ್ಕೆ ರಕ್ಷಣೆ ಆಗುತ್ತದೆಯೇ?
– ಬೆಟಗೇರಿ, ಗದಗ

ಉತ್ತರ: ಆ ಬಾಟಲಿ ಇವತ್ತೇ ನಿಲ್ಲಿಸಿ. ಧೂಮಪಾನಿಗಳಿಗೆ ಬೀಟಾ ಕ್ಯಾರೋಟಿನ್ ಮಾತ್ರೆ ರಕ್ಷಣೆಯಲ್ಲ, ಅಪಾಯ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು: ದಿನಕ್ಕೆ 20 ಮಿ.ಗ್ರಾಂ ಬೀಟಾ ಕ್ಯಾರೋಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚು. ಅಮೆರಿಕದ ಇನ್ನೊಂದು ಪ್ರಯೋಗದಲ್ಲಿ, ಬೀಟಾ ಕ್ಯಾರೋಟಿನ್ ಜೊತೆ ವಿಟಮಿನ್ ಎ ಕೊಟ್ಟಾಗ, ಶೇ 28ರಷ್ಟು ಹೆಚ್ಚಾಗಿ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ವಿಟಮಿನ್ ಇ 400 ಯೂನಿಟ್ ಮತ್ತು ಸೆಲೆನಿಯಂ ಅನ್ನು 35,533 ಗಂಡಸರಲ್ಲಿ ಪರೀಕ್ಷಿಸಿದಾಗ, ವಿಟಮಿನ್ ಇ ಮಾತ್ರ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಿತು ಎಂದು 2011ರಲ್ಲಿ ತಿಳಿಯಿತು. ನಮ್ಮಲ್ಲಿ ಕೂದಲಿಗೆ, ಚರ್ಮಕ್ಕೆ ಎಂದು ಚೀಟಿಯಿಲ್ಲದೆ ಕೊಂಡು ತಿಂಗಳುಗಟ್ಟಲೆ ನುಂಗುವ ಹಸಿರು ಕ್ಯಾಪ್ಸೂಲು ಇದೇ ವಿಟಮಿನ್ನು.

ತರ್ಕ ಎಲ್ಲಿ ತಪ್ಪಿತು? ಉಸಿರಾಟದಲ್ಲಿ ಹುಟ್ಟಿ ಜೀವಕೋಶಕ್ಕೆ ಹಾನಿ ಮಾಡುವ ಫ್ರೀ ರ‍್ಯಾಡಿಕಲ್‌ಗಳೇ ಮುಪ್ಪಿಗೆ ಕಾರಣ ಎಂದು ಅಮೆರಿಕದ ವಿಜ್ಞಾನಿ ಡೆನ್ಹಮ್ ಹಾರ್ಮನ್ 1956ರಲ್ಲಿ ಹೇಳಿದಾಗ, ಅವುಗಳನ್ನು ನಂದಿಸುವ ವಸ್ತು ನುಂಗಿದರೆ ಮುಪ್ಪು ತಡೆಯಬಹುದು ಎನಿಸಿದ್ದು ಸಹಜ. ಆದರೆ ಜೀವಕೋಶಕ್ಕೆ ಅವು ಬರೀ ಹೊಗೆಯಲ್ಲ, ಸುದ್ದಿಯೂ ಹೌದು. ವ್ಯಾಯಾಮ ಮಾಡಿದಾಗ ಏಳುವ ಸಣ್ಣ ಕಿಡಿ ನೋಡಿಯೇ ದೇಹ ತನ್ನ ಸ್ವಂತ ರಕ್ಷಣೆಯನ್ನು ಗಟ್ಟಿ ಮಾಡಿಕೊಳ್ಳುವುದು. 2009ರ ಒಂದು ಜರ್ಮನ್ ಪ್ರಯೋಗದಲ್ಲಿ ವ್ಯಾಯಾಮದ ಜೊತೆ ದಿನಕ್ಕೆ 1,000 ಮಿ.ಗ್ರಾಂ ವಿಟಮಿನ್ ಸಿ, 400 ಯೂನಿಟ್ ಇ ನುಂಗಿದವರಿಗೆ ಇನ್ಸುಲಿನ್ ಚುರುಕಾಗುವ ಲಾಭವೇ ಸಿಗಲಿಲ್ಲ. ಏನೂ ನುಂಗದೆ ಬೆವರಿದವರಿಗೆ ಸಿಕ್ಕಿತು. ಗಜ್ಜರಿ, ನುಗ್ಗೆಸೊಪ್ಪು, ಪಪ್ಪಾಯಿ ತಿನ್ನುವುದಕ್ಕೆ ಈ ಎಚ್ಚರಿಕೆ ಅನ್ವಯಿಸುವುದಿಲ್ಲ, ನಿರಾತಂಕವಾಗಿ ತಿನ್ನಲಿ.

ನಿಜವಾದ ಆಯುಷ್ಯದ ಲೆಕ್ಕ ಇಲ್ಲಿದೆ. ಬ್ರಿಟನ್ನಿನ 34 ಸಾವಿರಕ್ಕೂ ಹೆಚ್ಚು ವೈದ್ಯರನ್ನು 1951ರಿಂದ 50 ವರ್ಷ ಹಿಂಬಾಲಿಸಿದ ರಿಚರ್ಡ್ ಡಾಲ್ ಅವರ ಅಧ್ಯಯನದಂತೆ, 50ರಲ್ಲಿ ಸಿಗರೇಟು ಬಿಟ್ಟವರಿಗೆ ಸುಮಾರು 6 ವರ್ಷ ಮರಳಿ ಸಿಗುತ್ತದೆ, 60ರಲ್ಲಿ ಬಿಟ್ಟರೆ 3 ವರ್ಷ. ಇಲಿಗಳ ಹಸಿವಿನಲ್ಲಿ ಹುಡುಕುತ್ತಿರುವುದಕ್ಕಿಂತ ಇದು ದೊಡ್ಡ ಮೊತ್ತ. ತಂಬಾಕು ಬಿಡಲು ನೆರವಾಗುವ ಸರ್ಕಾರದ ಉಚಿತ ದೂರವಾಣಿ 1800 112 356.

ಪ್ರಶ್ನೆ: ವಯಸ್ಸು 32, ಹಿಮೋಗ್ಲೋಬಿನ್ 9.4. ಆಂಟಿಆಕ್ಸಿಡೆಂಟ್ ಅಂತ ದಿನಕ್ಕೆ ನಾಲ್ಕು ಸಲ ಗ್ರೀನ್ ಟೀ ಕುಡಿಯುತ್ತಿದ್ದೇನೆ, ಊಟ ಆದ ಕೂಡಲೇ. ಮುಂದುವರಿಸಲೇ?
– ಲಕ್ಷ್ಮೇಶ್ವರ

ಉತ್ತರ: ಊಟದ ಜೊತೆ ಬೇಡ. ಚಹಾದ ಯಾವ ವಸ್ತುವನ್ನು ಆಂಟಿಆಕ್ಸಿಡೆಂಟ್ ಎಂದು ಹೊಗಳುತ್ತಾರೋ ಅದೇ ಪಾಲಿಫೆನಾಲು ಕಾಳು, ಸೊಪ್ಪು, ಜೋಳದ ಕಬ್ಬಿಣವನ್ನು ಹಿಡಿದಿಟ್ಟು ರಕ್ತಕ್ಕೆ ಹೋಗದಂತೆ ಮಾಡುತ್ತದೆ. ಹಾಲಿನ ಚಹಾಕ್ಕೂ ಇದೇ ಮಾತು. ಊಟಕ್ಕೆ ಒಂದು ಗಂಟೆ ಹಿಂದೆ ಮುಂದೆ ಬಿಟ್ಟು ಎರಡು ಲೋಟಕ್ಕೆ ಇಳಿಸಿ. ಪಲ್ಯದ ಮೇಲೆ ಅರ್ಧ ಲಿಂಬೆ ಹಿಂಡಿ, ಆದರೆ ಒಲೆಯಿಂದ ಇಳಿಸಿದ ಮೇಲೆ. ಕಬ್ಬಿಣದ ಮಾತ್ರೆಯನ್ನು ನೀರಿನ ಜೊತೆ ತೆಗೆದುಕೊಳ್ಳಿ, ಚಹಾ ಹಾಲಿನ ಜೊತೆ ಅಲ್ಲ. ಗ್ರೀನ್ ಟೀ ಸಾರದ ಕ್ಯಾಪ್ಸೂಲು ಕೊಳ್ಳುವ ಯೋಚನೆ ಇದ್ದರೆ ಬಿಡಿ, ದಿನಕ್ಕೆ 800 ಮಿ.ಗ್ರಾಂ ಮೀರಿದ ಇಜಿಸಿಜಿ (ಗ್ರೀನ್ ಟೀಯ ಮುಖ್ಯ ಪಾಲಿಫೆನಾಲು) ಯಕೃತ್ತಿಗೆ ಪೆಟ್ಟು ಕೊಡಬಹುದು. ಹಿಮೋಗ್ಲೋಬಿನ್ 12 ಮುಟ್ಟುವವರೆಗೆ ಊಟ ಕಡಿಮೆ ಮಾಡುವ ಯಾವ ಪ್ರಯೋಗವೂ ಬೇಡ. ರಕ್ತ ಕಡಿಮೆಯಾಗಲು ಕಾರಣ ಏನೆಂಬುದನ್ನೂ ವೈದ್ಯರು ಹುಡುಕಬೇಕು.

ಪ್ರಶ್ನೆ: ಏಕಾದಶಿ, ಶ್ರಾವಣ ಸೋಮವಾರ ಉಪವಾಸ ಮಾಡುತ್ತೇನೆ. ಇದೂ ಕ್ಯಾಲರಿ ಕಡಿತವೇ? ಹದಿನಾರು ತಾಸು ಉಪವಾಸ, ಎಂಟು ತಾಸು ಊಟ ಎಂಬ ಕ್ರಮ ಇದಕ್ಕಿಂತ ಉತ್ತಮವೇ?
– ಶಿಕ್ಷಕಿ, ಹಾವೇರಿ

ಉತ್ತರ: ಉಪವಾಸದ ದಿನ ತಟ್ಟೆಯಲ್ಲಿ ಏನಿದೆ ಎಂಬುದರ ಮೇಲೆ ಹೋಗುತ್ತದೆ. ಸಾಬೂದಾನಿ ಖಿಚಡಿಯ ಒಂದು ತಟ್ಟೆ ತೆಗೆದುಕೊಳ್ಳಿ: 75 ಗ್ರಾಂ ಸಾಬೂದಾನಿ 260 ಕ್ಯಾಲರಿ, 30 ಗ್ರಾಂ ಶೇಂಗಾ 170, ಎರಡು ಚಮಚ ಎಣ್ಣೆ 80. ಒಟ್ಟು 510, ಮೂರು ರೊಟ್ಟಿಗಿಂತ ಹೆಚ್ಚು. ಸಾಬೂದಾನಿಯಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ, ಇರುವುದೆಲ್ಲ ಶೇಂಗಾದ್ದು. ಭಕ್ತಿಯ ಲೆಕ್ಕ ಬೇರೆ, ಅದರಲ್ಲಿ ನಾವು ಕೈ ಹಾಕುವುದಿಲ್ಲ. ಕ್ಯಾಲರಿಯ ಲೆಕ್ಕಕ್ಕೆ ಹಣ್ಣು, ಮೊಸರು, ಹಾಲು, ಒಂದು ಹಿಡಿ ಶೇಂಗಾ ಸಾಕು. ನೀರು ಬಿಡಬೇಡಿ, ನಮ್ಮ ಬಿಸಿಲಿನಲ್ಲಿ ನಿರ್ಜಲ ಉಪವಾಸ ಕಿಡ್ನಿ ಕಲ್ಲಿನವರಿಗೆ ಒಳ್ಳೆಯದಲ್ಲ.

ತಾಸಿನ ಕ್ರಮದ ಬಗ್ಗೆ 2022ರಲ್ಲಿ ಚೀನಾದ ಗುವಾಂಗ್ಝೌನಿಂದ ಸ್ಪಷ್ಟ ಉತ್ತರ ಬಂತು. ಬೊಜ್ಜಿದ್ದ 139 ಜನ, ಒಂದು ವರ್ಷ, ಎರಡೂ ಗುಂಪಿಗೆ ಒಂದೇ ಪ್ರಮಾಣದ ಕ್ಯಾಲರಿ ಕಡಿತ. ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ಉಂಡವರು 8 ಕಿಲೋ, ಬೇಕಾದಾಗ ಉಂಡವರು 6.3 ಕಿಲೋ ಇಳಿದರು. ಆ ಅಂತರ ಆಕಸ್ಮಿಕವೂ ಇರಬಹುದಾದಷ್ಟು ಸಣ್ಣದು. ರಾತ್ರಿ ಟಿವಿ ಮುಂದೆ ಚೂಡಾ ಮೆಲ್ಲುವ ಅಭ್ಯಾಸ ಇದ್ದವರಿಗೆ ಗಡಿಯಾರ ಸಹಾಯಕ್ಕೆ ಬರುತ್ತದೆ. ಅಷ್ಟೇ ಅದರ ಮಹಿಮೆ.

ಪ್ರಶ್ನೆ: ನನಗ ಶುಗರ್ ಐತಿ. ಗ್ಲಿಮೆಪಿರೈಡ್, ಮೆಟ್ಫಾರ್ಮಿನ್ ತಗೋತೀನಿ. ಕಡಿಮಿ ಉಂಡ್ರ ಶುಗರ್ ಹೋಗತೈತಿ ಅಂತ ಕೇಳಿ ರಾತ್ರಿ ಊಟ ಬಿಟ್ಟೀನಿ. ನಸುಕಿನ್ಯಾಗ ಮೈಯೆಲ್ಲ ಬೆವರಿ ಕೈ ನಡುಗತಾವ. ಯಾಕ?
– ರಾಣೆಬೆನ್ನೂರು

ಉತ್ತರ: ಸಕ್ಕರೆ ಕೆಳಗೆ ಬೀಳುತ್ತಿದೆ. ಗ್ಲಿಮೆಪಿರೈಡ್ ನೀವು ಉಂಡರೂ ಉಣ್ಣದಿದ್ದರೂ ಇನ್ಸುಲಿನ್ ಹೊರಹಾಕಿಸುತ್ತದೆ. ಇವತ್ತು ರಾತ್ರಿಯಿಂದಲೇ ಊಟ ಮತ್ತೆ ಶುರು ಮಾಡಿ, ಆದಷ್ಟು ಬೇಗ ನಿಮ್ಮ ವೈದ್ಯರಿಗೆ ಈ ಬೆವರು, ನಡುಕದ ವಿಷಯ ತಿಳಿಸಿ. ಮತ್ತೆ ಹಾಗಾದರೆ ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ, ಅಥವಾ ಯಂತ್ರ ಇಲ್ಲದಿದ್ದರೆ ನೋಡದೆಯೂ, ಮೂರು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಕಲಸಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೊಮ್ಮೆ. ಏರಿದ ಮೇಲೆ ಒಂದು ರೊಟ್ಟಿಯಾದರೂ ಉಣ್ಣಿ, ಇಲ್ಲದಿದ್ದರೆ ಮರಳಿ ಬೀಳುತ್ತದೆ. ಮನೆಯಲ್ಲಿ ಪೇಢಾ ಇದೆ ಎಂದು ಅದನ್ನು ತಿನ್ನಬೇಡಿ. ಹಾಲಿನ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ, ಆಗ ಬೇಕಿರುವುದು ವೇಗ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ನೇರ ಆಸ್ಪತ್ರೆಗೆ ಒಯ್ಯಬೇಕು. ಇದನ್ನು ಮನೆಯವರಿಗೂ ಹೇಳಿಡಿ.

ನೀವು ಕೇಳಿದ ಸುದ್ದಿ ಸುಳ್ಳಲ್ಲ, ಅರ್ಧ. ಬ್ರಿಟನ್ನಿನಲ್ಲಿ ಶುಗರ್ ಬಂದು ಆರು ವರ್ಷದೊಳಗಿನವರಿಗೆ ದಿನಕ್ಕೆ 825ರಿಂದ 853 ಕ್ಯಾಲರಿಯ ಆಹಾರವನ್ನು ಮೂರರಿಂದ ಐದು ತಿಂಗಳು ಕೊಟ್ಟಾಗ, ವರ್ಷದ ಕೊನೆಗೆ ಶೇ 46 ಜನರಿಗೆ ಮಾತ್ರೆಯಿಲ್ಲದೆ ಶುಗರ್ ಹತೋಟಿಯಲ್ಲಿತ್ತು ಎಂದು 2017ರಲ್ಲಿ ಪ್ರಕಟವಾಯಿತು. ಆದರೆ ಅಲ್ಲಿ ಶುಗರ್ ಮಾತ್ರೆಗಳನ್ನು ಮೊದಲ ದಿನವೇ ವೈದ್ಯರು ನಿಲ್ಲಿಸಿದ್ದರು. ಮಾತ್ರೆಯನ್ನು ಇಟ್ಟುಕೊಂಡು ಊಟ ಬಿಡುವುದು ಅದರ ತಿರುವುಮುರುವು. ಡಾಪಾಗ್ಲಿಫ್ಲೋಜಿನ್‌ನಂತೆ ಹೆಸರು 'ಗ್ಲಿಫ್ಲೋಜಿನ್' ಎಂದು ಮುಗಿಯುವ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. ಉಪವಾಸದಲ್ಲಿ ಅವರಿಗೆ ಶುಗರ್ ಸರಿಯಿದ್ದಾಗಲೂ ರಕ್ತ ಆಮ್ಲೀಯವಾಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಅದರ ಗುರುತು.

ಪ್ರಶ್ನೆ: ಸಿದ್ಧಗಂಗಾ ಶ್ರೀಗಳು 111 ವರ್ಷ ಬಾಳಿದ್ದು ಮಿತಾಹಾರದಿಂದಲೇ ಅಲ್ಲವೇ?
– ನರಗುಂದ

ಉತ್ತರ: 1907ರಿಂದ 2019ರವರೆಗಿನ ಆ ಬಾಳಿನಲ್ಲಿ ಮಿತಾಹಾರ ಇತ್ತು, ಬೆಳಗಿನ ಜಾವ ಏಳುವುದಿತ್ತು, ತಂಬಾಕು ಇರಲಿಲ್ಲ, ಕೊನೆಯವರೆಗೂ ಮಾಡಲು ಕೆಲಸ ಇತ್ತು. ಅದರಲ್ಲಿ ಒಂದನ್ನೇ ಬಿಡಿಸಿ ಕಾರಣ ಎನ್ನಲಾಗದು. ಅಷ್ಟೇ ಮಿತವಾಗಿ ಉಂಡು ಎಪ್ಪತ್ತಕ್ಕೆ ಹೋದವರ ಬಗ್ಗೆ ಯಾರೂ ಪ್ರಶ್ನೆ ಕಳಿಸುವುದಿಲ್ಲ. ನೂರು ದಾಟಿದವರಲ್ಲಿ ವಂಶದ ಪಾಲೂ ದೊಡ್ಡದು. 122 ವರ್ಷ ಬಾಳಿ 1997ರಲ್ಲಿ ತೀರಿಕೊಂಡ ಫ್ರಾನ್ಸಿನ ಝಾನ್ ಕಾಲ್ಮಾಂ ನೂರು ದಾಟಿದ ಮೇಲೂ ಸಿಗರೇಟು ಸೇದುತ್ತಿದ್ದರು. ಅದನ್ನು ಯಾರೂ ಅನುಸರಿಸಬೇಕಿಲ್ಲ.

ಪ್ರಶ್ನೆ: ತಾಯಿಗೆ 72, ಎತ್ತರ 150 ಸೆಂ.ಮೀ. ಹೋದ ವರ್ಷ 46 ಕಿಲೋ ಇದ್ದವರು ಈಗ 42. ಮುಂಜಾನೆ ಚಹಾ, ಮಧ್ಯಾಹ್ನ ಒಂದು ರೊಟ್ಟಿ ಸಾರು, ರಾತ್ರಿ ಸ್ವಲ್ಪ ಅನ್ನ ಮಜ್ಜಿಗೆ. "ಕಡಿಮಿ ಉಂಡಷ್ಟ ಚಲೋ, ಜಡ್ಡು ಬರೂದಿಲ್ಲ" ಅಂತಾರೆ. ಬಿಡಬಹುದೇ?
– ಮುಳಗುಂದ

ಉತ್ತರ: ಬಿಡಬಾರದು. ವರ್ಷದೊಳಗೆ ಶೇ 5ಕ್ಕಿಂತ ಹೆಚ್ಚು ತೂಕ ತಾನಾಗಿ ಇಳಿದರೆ ಅದು ಮಿತಾಹಾರದ ಫಲ ಎಂದುಕೊಳ್ಳದೆ ವೈದ್ಯರಿಗೆ ತೋರಿಸಬೇಕು. ಅವರದು ಶೇ 9 ಇಳಿದಿದೆ. ಕ್ಷಯ, ಶುಗರ್, ಥೈರಾಯ್ಡ್, ಕ್ಯಾನ್ಸರ್, ಮನಸ್ಸಿನ ಬೇಸರ ಎಲ್ಲವನ್ನೂ ನೋಡಬೇಕು. ಹಲ್ಲನ್ನು ಮೊದಲು ನೋಡಿ. ಹಸಿವಿಲ್ಲ ಎನ್ನುವ ಎಷ್ಟೋ ಹಿರಿಯರಿಗೆ ನಿಜವಾಗಿ ಅಗಿಯಲು ಆಗುತ್ತಿರುವುದಿಲ್ಲ, ಅದನ್ನು ಹೇಳಲು ಸಂಕೋಚ. ಮಾಂಸ ತಿನ್ನದವರಾಗಿದ್ದರೆ, ಅದರಲ್ಲೂ ಮೆಟ್ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ, ಬಿ12 ಪರೀಕ್ಷೆ ಮಾಡಿಸಿ.

ಮನೆಯಲ್ಲೇ ಒಂದು ಪರೀಕ್ಷೆ ಇದೆ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಎದೆಗೆ ಕೈ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ಕೂರಲಿ, ನೀವು ಪಕ್ಕದಲ್ಲಿ ನಿಂತು ಸಮಯ ನೋಡಿ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕುಗ್ಗಿದೆ ಎಂದು ಅರ್ಥ, ಬಿದ್ದು ಸೊಂಟದ ಮೂಳೆ ಮುರಿಯುವ ದಾರಿ ಅದು. ಇದೇ ಕುರ್ಚಿ ವ್ಯಾಯಾಮಕ್ಕೂ ಆಗುತ್ತದೆ: ದಿನಕ್ಕೆ ಎರಡು ಹೊತ್ತು, ಎಷ್ಟು ಸಲ ಸಾಧ್ಯವೋ ಅಷ್ಟು, ವಾರಕ್ಕೆ ಒಂದೊಂದು ಹೆಚ್ಚಿಸುತ್ತ.

ಈ ವಯಸ್ಸಿನಲ್ಲಿ ಪ್ರೋಟೀನ್ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಬೇಕು. ಕಿಡ್ನಿ ತೊಂದರೆ ಇದ್ದರೆ ಮಾತ್ರ ವೈದ್ಯರ ಅಳತೆ. ಅವರಿಗೆ 42ರಿಂದ 50 ಗ್ರಾಂ. ಈಗಿನ ಊಟದಲ್ಲಿ 15 ಗ್ರಾಂ ಬರುವುದೂ ಕಷ್ಟ. ಒಮ್ಮೆಲೇ ತಟ್ಟೆ ತುಂಬಿದರೆ ಉಣ್ಣುವುದಿಲ್ಲ, ಆದ್ದರಿಂದ ಐದು ಸಣ್ಣ ಹೊತ್ತು ಮಾಡಿ. ಮುಂಜಾನೆಯ ಚಹಾದ ಬದಲು 200 ಮಿ.ಲೀ. ಹಾಲು, ರಾತ್ರಿ ಮಲಗುವಾಗ ಇನ್ನೊಂದು 200: ಅಲ್ಲಿಗೆ 13 ಗ್ರಾಂ. ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ತುಪ್ಪ ಹಾಕಿ ಕುಟ್ಟಿ ಮುಟಗಿ ಮಾಡಿದರೆ ಹಲ್ಲಿಲ್ಲದವರೂ ಉಣ್ಣುತ್ತಾರೆ. ಅವರಿಗೆ ತುಪ್ಪ, ಎಣ್ಣೆಯ ಲೆಕ್ಕ ಬೇಡ, ಎರಡು ಚಮಚ ಧಾರಾಳ ಇರಲಿ. ಎರಡು ರೊಟ್ಟಿಯಿಂದ 10 ಗ್ರಾಂ. ಮೆತ್ತಗಿನ ಝುಣಕ, ಹೆಸರುಬೇಳೆ ಕಿಚಡಿ ಸೇರಿ ಒಣ ಅಳತೆಯಲ್ಲಿ 50 ಗ್ರಾಂ ಬೇಳೆ ಆದರೆ 11. ಮಜ್ಜಿಗೆ ತೆಳುವಾದಷ್ಟೂ ನೀರೇ ಹೆಚ್ಚು, ಅದರ ಬದಲು ಗಟ್ಟಿ ಮೊಸರು ಒಂದೂವರೆ ಬಟ್ಟಲು, 5 ಗ್ರಾಂ. ಅಗಿಯಲಾಗದಿದ್ದರೆ ಶೇಂಗಾವನ್ನು ಹುರಿದು ನುಣ್ಣಗೆ ಪುಡಿ ಮಾಡಿ ಅನ್ನಕ್ಕೆ, ಕಿಚಡಿಗೆ ಕಲಸಿ, 20 ಗ್ರಾಮಿಗೆ 5. ಕೂಡಿಸಿದರೆ 44.

ಸಾರನ್ನು ಊಟದ ಮೊದಲು ಕುಡಿಸಬೇಡಿ, ಹೊಟ್ಟೆ ನೀರಿನಿಂದಲೇ ತುಂಬಿಬಿಡುತ್ತದೆ. ಎರಡು ವಾರಕ್ಕೊಮ್ಮೆ ತೂಕ ನೋಡಿ. ಒಂದು ತಿಂಗಳಲ್ಲಿ ಅರ್ಧ ಕಿಲೋ ಏರಿದರೂ ಸರಿಯಾದ ದಾರಿಯಲ್ಲಿದ್ದೀರಿ. ಇಷ್ಟೆಲ್ಲ ಉಂಡೂ ತೂಕ ಇಳಿಯುತ್ತಲೇ ಇದ್ದರೆ ಮುಂದಿನ ತಿಂಗಳಿಗೆ ಕಾಯದೆ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ. ಹಳೆಯ ತೂಕದ ಚೀಟಿಗಳು ಇದ್ದರೆ ಜೊತೆಗೆ ಒಯ್ಯಿರಿ.